ನಮ್ಮನೆ ಸಿಗುತ್ತಿಲ್ಲ

ನಮ್ಮೂರಿನಲ್ಲಿ ಸಾಫ್ಟ್‌ವೇರನ್ನು ಯಾರೂ ಇನ್‌ಸ್ಟಾಲ್ ಮಾಡುವುದಿಲ್ಲ, ಕೂರಿಸುತ್ತಾರೆ. ಗೌರಿ ಕೂರಿಸಿದ ಹಾಗೆ, ಮನೆಗೆ ಬಂದ ನೆಂಟರನ್ನು ಕೂರಿಸಿದ ಹಾಗೆ. ಕೂತರೆ ಸುಮ್ಮನಿರುತ್ತಾರೆ, ಕೂರದಿದ್ದರೆ ನನಗೆ ಫೋನ್ ಮಾಡುತ್ತಾರೆ. ಆ ವರ್ಷ ನನ್ನ ಫೋನಿಗೆ ಬಿಡುವೇ ಇರಲಿಲ್ಲ. "ವಾರಿಜಕ್ಕ, ನಿಮ್ದು ಕೂರ್ತಿಲ್ಲ" ಎಂದು ಗ್ಯಾಸ್ ಏಜೆನ್ಸಿಯ ಜವರಪ್ಪ. "ಕೂತಂಗ್ ಮಾಡಿ ಎದ್ದೋಯ್ತು ಮೇಡಂ" ಎಂದು ಹಾಲಿನ ಡೇರಿಯ ಮುನೀರ್ ಸಾಬರು. ನನ್ನ ಮಷೀನಿನಲ್ಲಿ ಮಾತ್ರ ಅದು ಒಂದು ದಿನವೂ ತಕರಾರು ಮಾಡದೆ ಓಡುತ್ತಿತ್ತು. ಹಾಗಾಗಿ ತಪ್ಪೆಲ್ಲ ಅವರದೇ ಎಂದು ನಾನು ಧೈರ್ಯವಾಗಿ ಬೈಯುತ್ತಿದ್ದೆ.

ಸಾಫ್ಟ್‌ವೇರ್ ಮಾಡಿದವಳು ನಾನೇ. ಮೊದಲು ಟೈಪಿಂಗ್ ಕಲಿಸುತ್ತಿದ್ದೆ. ಆಮೇಲೆ ಕಂಪ್ಯೂಟರ್ ಬಂತು, ಅದರ ಹಿಂದೆಯೇ ಡೇಟಾಬೇಸು ಬಂತು, ನಾನೂ ಬಿಡದೆ ಹಿಂದೆ ಬಿದ್ದು ಕಲಿತೆ. ಊರಿನ ಅಂಗಡಿ ಆಫೀಸುಗಳಿಗೆ ಬೇಕಾದ ಚಿಕ್ಕಪುಟ್ಟದ್ದನ್ನು ಮಾಡಿಕೊಡುತ್ತಿದ್ದೆ. ಆದರೆ ಇದನ್ನು ಮಾಡಿದ್ದು ಯಾರೂ ಕೇಳಿದ್ದಕ್ಕಲ್ಲ. ನನ್ನ ತಂಗಿ ಚಂಪಾಳಿಗಾಗಿ ಮಾಡಿದ್ದು.

ನಮ್ಮೂರಿನ ಮನೆಗಳು ಮಧ್ಯಾಹ್ನ ಊಟವಾದ ಮೇಲೆ, ಜನ ಒಂದು ಗಳಿಗೆ ಕಣ್ಣು ಮುಚ್ಚಿದಾಗ, ಜಾಗ ಬದಲಾಯಿಸುತ್ತವೆ. ಎದ್ದು ಬಾಗಿಲು ತೆಗೆದರೆ ಬೀದಿ ಬೇರೆ, ಎದುರುಮನೆ ಬೇರೆ. "ಓ, ಇವತ್ತು ನೀವಾ? ಕಾಫಿ ಆಯ್ತಾ?" ಎಂದು ಪಕ್ಕದವರನ್ನು ವಿಚಾರಿಸಿ ಒಲೆಯ ಮೇಲೆ ನೀರಿಡುವುದು ಪದ್ಧತಿ. ಇಡ್ಲಿ ತಟ್ಟೆ ಈಸಿಕೊಂಡರೆ ಊಟದೊಳಗೆ ವಾಪಸ್ ಮುಟ್ಟಿಸಬೇಕು, ಇಲ್ಲದಿದ್ದರೆ ಅವರು ಮತ್ತೆ ಪಕ್ಕಕ್ಕೆ ಬರುವ ತನಕ ಕಾಯಬೇಕು. ಯಾರದೋ ಶ್ಯಾವಿಗೆ ಒರಳು ನಮ್ಮನೆಯಲ್ಲಿ ಇನ್ನೂ ಕೂತಿದೆ. ಜಗಳವಾಡುವವರೂ ಅಷ್ಟೆ, ಊಟದ ಮುಂಚೆ ಆಡಿ ಮುಗಿಸಬೇಕು.

ಒಂದು ಅನುಕೂಲವಿದೆ. ಮನೆ ಎಲ್ಲೇ ಹೋಗಿ ನಿಂತಿರಲಿ, ಅವರವರ ಮನೆ ಅವರವರ ಕಾಲಿಗೆ ಗೊತ್ತಿರುತ್ತದೆ. ದಿಬ್ಬ ಇಳಿದು ಬೀದಿಗೆ ಬಿದ್ದರೆ ಸಾಕು, ಕಾಲು ತಾನಾಗಿ ತಿರುಗುತ್ತದೆ. ಬೇರೆಯವರ ಮನೆ ಮಾತ್ರ ತಿಳಿಯುವುದಿಲ್ಲ, ಒಡಹುಟ್ಟಿದವರದ್ದಾದರೂ ಅಷ್ಟೆ. ಆಸ್ಪತ್ರೆ, ಬ್ಯಾಂಕು, ಡೇರಿ ಎಲ್ಲ ಊರಾಚೆಯ ದಿಬ್ಬದ ಮೇಲಿವೆ. ಅವು ಅಲುಗುವುದಿಲ್ಲ, ಅವುಗಳ ಹತ್ತಿರಕ್ಕೆ ಮನೆಗಳೂ ಸುಳಿಯುವುದಿಲ್ಲ. ಇನ್ನೊಂದು, ಮಧ್ಯಾಹ್ನದ ಹೊತ್ತು ಮನೆಯೊಳಗೆ ಯಾರಾದರೂ ಮಲಗಿರಬೇಕು. ಒಂದೆರಡು ದಿನ ಖಾಲಿ ಬಿಟ್ಟರೆ ಸಹಿಸಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾದರೆ ಮನೆ ಹೊರಟುಬಿಡುತ್ತದೆ, ಮತ್ತೆ ಬರುವುದಿಲ್ಲ. ಹಾಗೆ ಆದದ್ದನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. "ಅವರ ಮನೆ ಯಾತ್ರೆಗೆ ಹೋಗಿದೆ" ಎಂದು ಮೆಲ್ಲಗೆ ಹೇಳಿ ಮಾತು ಬದಲಾಯಿಸುತ್ತೇವೆ.

ದೇವೀರಮ್ಮ ಸಿಸ್ಟರ್ ಅವರ ಮನೆ ಹಾಗೆ ಯಾತ್ರೆಗೆ ಹೋದದ್ದು. ಊರಿಗೆಲ್ಲ ಹೆರಿಗೆ ಮಾಡಿಸುವವರು ಅವರೊಬ್ಬರೇ. ಒಂದು ಬೇಸಿಗೆಯಲ್ಲಿ ಊರಿಗೆ ಜ್ವರ ಬಂದಾಗ ಅವರು ದಿನಗಟ್ಟಲೆ ಆಸ್ಪತ್ರೆ ಬಿಟ್ಟು ಕದಲಲಿಲ್ಲ, ಮನೆಯಲ್ಲಿ ಮಲಗಲು ಬೇರೆ ಯಾರೂ ಇರಲಿಲ್ಲ. ಜ್ವರ ಇಳಿದ ಮೇಲೆ ದಿಬ್ಬ ಇಳಿದು ಬಂದರು. ಬೀದಿಯಲ್ಲಿ ನಿಂತರು, ಕಾಲು ಯಾವ ಕಡೆಗೂ ತಿರುಗಲಿಲ್ಲ. ಆಮೇಲೆ ಆಸ್ಪತ್ರೆಯ ಕ್ವಾರ್ಟರ್ಸಿನಲ್ಲೇ ಉಳಿದರು. ಹೆರಿಗೆಗೆ ಕರೆ ಬಂದರೆ ಬಾಗಿಲು ಬಾಗಿಲು ತಟ್ಟಿ ಕೇಳುತ್ತ ಹೋಗುತ್ತಿದ್ದರು. ಪ್ರತಿ ಮನೆಯವರಿಗೂ ತಮ್ಮ ಎಡಕ್ಕೆ ಯಾರು, ಬಲಕ್ಕೆ ಯಾರು ಎನ್ನುವುದಷ್ಟೇ ಗೊತ್ತು.

ಹಿಂದಿನ ವರ್ಷ ಚಂಪಾಳಿಗೆ ನೋವು ಬಂದದ್ದು ಸರಿಯಾಗಿ ಮಧ್ಯಾಹ್ನದ ಹೊತ್ತಿಗೆ. ಅವಳ ಗಂಡ ಶಿವನಂಜ ಬಸ್ ಕಂಡಕ್ಟರ್, ಪರವೂರಿನಲ್ಲಿದ್ದ. ಊರೆಲ್ಲ ಮಲಗಿತ್ತು. ಸಿಸ್ಟರ್ ಬಾಗಿಲು ತಟ್ಟುತ್ತಲೇ ಇದ್ದರಂತೆ. ಅವರು ಬಂದು ಸೇರಿದಾಗ ಮಗು ಹುಟ್ಟಿತ್ತು, ಅಳಲಿಲ್ಲ. ಅವರು ಮಾಡುವುದನ್ನೆಲ್ಲ ಮಾಡಿದರು. ಆಮೇಲೆ ಹೊರಗೆ ಬಂದು ಜಗುಲಿಯ ಮೇಲೆ ಕೂತವರು ನಾವು ಕೊಟ್ಟ ನೀರನ್ನೂ ಮುಟ್ಟಲಿಲ್ಲ. ನನಗೆ ಅವರ ಮೇಲೆ ಕೋಪ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು, ಯಾರ ಮೇಲಾದರೂ ಕೋಪ ಮಾಡಿಕೊಳ್ಳಬಹುದಿತ್ತು.

ಚಂಪಾ ಮತ್ತೆ ಬಸುರಿಯಾದಾಗ ನಾನು ಕೆಲಸಕ್ಕೆ ಕೂತೆ. ಉಪಾಯ ಸುಲಭದ್ದು. ಮಧ್ಯಾಹ್ನ ಎದ್ದವರು ಮೊಬೈಲಿನಿಂದ ಎರಡು ಹೆಸರು ಕಳಿಸಬೇಕು, ಎಡಗಡೆಯವರದ್ದು ಮತ್ತು ಬಲಗಡೆಯವರದ್ದು. ಡೇಟಾಬೇಸು ಅವನ್ನೆಲ್ಲ ಪೋಣಿಸಿಕೊಳ್ಳುತ್ತದೆ. ಹೋಗಬೇಕಾದ ಮನೆಯ ಹೆಸರು ಹಾಕಿದರೆ, 'ನಮ್ಮನೆಯಿಂದ ಎಡಕ್ಕೆ ಇಂಥವರು, ಅವರಾದ ಮೇಲೆ ಇಂಥವರು' ಎಂದು ದಾರಿ ಹೇಳುತ್ತದೆ. ಕಾಲು ನಮ್ಮನ್ನು ನಮ್ಮನೆಯ ತನಕ ಕರೆದೊಯ್ಯುತ್ತದೆ, ಅಲ್ಲಿಂದ ಮುಂದಕ್ಕೆ ಸಾಫ್ಟ್‌ವೇರು. ನಾನು ಅದನ್ನೇ ಹಿಡಿದು ಚಂಪಾಳ ಮನೆಗೆ ಹೋಗಿಬಂದು ಮಾಡಿದೆ, ಒಂದು ಸಲವೂ ತಪ್ಪಲಿಲ್ಲ. ಜನ ಮೆಚ್ಚಿಕೊಂಡು ದಿನಾ ಹೆಸರು ಕಳಿಸತೊಡಗಿದರು. ಇನ್ನು ಅದು ಆಸ್ಪತ್ರೆಯ ಮಷೀನಿನಲ್ಲಿ ಕೂರಬೇಕು, ಅಷ್ಟೇ. ಮೊದಲು ಗ್ಯಾಸು, ಹಾಲಿನವರ ಹತ್ತಿರ ಕೂರಿಸಿ ನೋಡೋಣ, ಸರಿಹೋದರೆ ಸಿಸ್ಟರ್‌ಗೆ ಕೊಡೋಣ ಎಂದುಕೊಂಡು ಪೆನ್‌ಡ್ರೈವ್ ಹಂಚಿದೆ.

ಎಲ್ಲೂ ಕೂರಲಿಲ್ಲ.

"ಏನು ಬಂತು ಸ್ಕ್ರೀನ್ ಮೇಲೆ?" ಎಂದು ಜವರಪ್ಪನನ್ನು ಫೋನಿನಲ್ಲಿ ಕೇಳಿದರೆ, "ಏನೋ ಬಂತಕ್ಕ" ಎನ್ನುತ್ತಿದ್ದ. "ಏನೋ ಅಂದ್ರೆ ಏನಪ್ಪ?" "ಅದೇ ಅಕ್ಕ, ಒಂಥರಾ ಬಂತು." ಮುನೀರ್ ಸಾಬರು ಇನ್ನೂ ಮರ್ಯಾದಸ್ಥರು, "ಬಿಡಿ ಮೇಡಂ, ನಮ್ ನಸೀಬು" ಎಂದು ಫೋನಿಟ್ಟುಬಿಡುತ್ತಿದ್ದರು. ಇಂಥವರನ್ನು ಕಟ್ಟಿಕೊಂಡು ಯಾರು ಏನು ರಿಪೇರಿ ಮಾಡಿಯಾರು? ಹಳೆಯ ಮಷೀನಿಗೆ ಹೊಂದುತ್ತಿಲ್ಲವೇನೋ ಎಂದು ಹಳೆಯದಕ್ಕೆ ಬೇರೆ, ಹೊಸದಕ್ಕೆ ಬೇರೆ ಸೆಟಪ್ ಮಾಡಿ ಕಳಿಸಿದೆ. ಕೂರಲಿಲ್ಲ. ಆಂಟಿವೈರಸ್ ತಡೆಯುತ್ತಿರಬಹುದೆಂದು ಅದನ್ನು ನಿಲ್ಲಿಸಲು ಹೇಳಿದೆ. ಕೂರಲಿಲ್ಲ. ಡೇಟಾಬೇಸ್ ಓಡಲು ಬೇಕಾದ ರನ್‌ಟೈಮನ್ನೂ ಸೆಟಪ್ಪಿನೊಳಗೇ ತುಂಬಿ ಕಳಿಸಿದೆ. ಫೈಲು ದಪ್ಪವಾಯಿತೇ ಹೊರತು ಕೂರಲಿಲ್ಲ. ಅತ್ತ ಚಂಪಾಳಿಗೆ ತಿಂಗಳು ತುಂಬುತ್ತ ಬಂದಿತ್ತು. ಅವಳನ್ನು ಮೊದಲೇ ಆಸ್ಪತ್ರೆಗೆ ಸೇರಿಸೋಣವೆಂದರೆ ಅವಳ ಮನೆಯಲ್ಲಿ ಮಧ್ಯಾಹ್ನ ಮಲಗಲು ಯಾರಿದ್ದಾರೆ? ನಾನು ಮಲಗಿದರೆ ನಮ್ಮನೆಯಲ್ಲಿ ಯಾರು? ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಕೂತ್ತೇನೇ ಅಕ್ಕ ನಿಂದು?" ಎಂದು ಕೇಳುತ್ತಿದ್ದಳು. ನಾಳೆ ಕೂರತ್ತೆ ಎನ್ನುತ್ತಿದ್ದೆ. ಒಳಗೊಳಗೆ ಭಯವಾಗುತ್ತಿತ್ತು.

ಕೊನೆಗೆ ಸಿಟ್ಟು ನೆತ್ತಿಗೇರಿ, ಮಂಡಿನೋವನ್ನೂ ಲೆಕ್ಕಿಸದೆ ದಿಬ್ಬ ಹತ್ತಿ ಗ್ಯಾಸ್ ಏಜೆನ್ಸಿಗೆ ಹೋದೆ. "ನನ್ನ ಕಣ್ಣೆದುರಿಗೇ ಕೂರಿಸು, ನೋಡೇಬಿಡ್ತೀನಿ" ಎಂದೆ. ಜವರಪ್ಪ ಪೆನ್‌ಡ್ರೈವನ್ನು ಚೇಳು ಮುಟ್ಟುವವನಂತೆ ಮುಟ್ಟಿದ. ಸೆಟಪ್ ಅರ್ಧದ ತನಕ ಚೆನ್ನಾಗಿಯೇ ಓಡಿತು. ಆಮೇಲೆ ನಿಂತು, ಕೆಂಪು ಅಕ್ಷರದಲ್ಲಿ 'ನಮ್ಮನೆ ಸಿಗುತ್ತಿಲ್ಲ' ಎಂದಿತು. ನಾನು ಕನ್ನಡಕ ಸರಿಮಾಡಿಕೊಂಡು ತಿರುಗುವಷ್ಟರಲ್ಲಿ ಜವರಪ್ಪನ ಕುರ್ಚಿ ಖಾಲಿ. ಬಾಗಿಲಿಗೆ ಓಡಿ ನೋಡಿದರೆ ಪಂಚೆ ಎತ್ತಿಕಟ್ಟಿ ದಿಬ್ಬದ ಅರ್ಧ ಇಳಿದಿದ್ದ. "ಎಲ್ಲಿಗೋ?" ಎಂದು ಕೂಗಿದೆ.

"ಮನೆಗೆ ಅಕ್ಕ! ಇನ್ನೆಲ್ಲಿಗೆ?"

ಅವನು ವಾಪಸ್ ಬರುವ ತನಕ ಅಲ್ಲೇ ಕೂತಿದ್ದೆ. ಬೆವರು ಒರೆಸಿಕೊಳ್ಳುತ್ತ ಬಂದ. "ಇತ್ತಾ?" ಎಂದು ಕೇಳಿದೆ.

"ಇತ್ತಕ್ಕ. ನಮ್ಮವಳು ಹುರುಳಿ ಕೇರ್ತಾ ಕೂತಿದ್ಲು."

"ಪ್ರತಿ ಸಲಾನೂ ಓಡ್ಹೋಗಿದ್ದೀಯಾ?"

"ಸಾಫ್ಟ್‌ವೇರೇ ಮನೆ ಸಿಗ್ತಿಲ್ಲ ಅಂದ್ಮೇಲೆ ನೋಡ್ದೆ ಇರಕಾಯ್ತದಾ? ಮುನೀರ್ ಸಾಬ್ರೂ ಓಡೋದ್ರಂತೆ. ಓಡೋದಾಗೆಲ್ಲ ಬೇಗಂ ಅವರ ಕೈಲಿ ಮನೆ ಕೆಲ್ಸ ಮಾಡಿಸ್ತಾವ್ರಂತೆ. ಹೋದ್ ವಾರ ಹಂಚೆಲ್ಲ ಸರಿಮಾಡ್ಕೊಂಡು ಬಂದವ್ರೆ."

"ನಂಗೆ ಒಂದು ಮಾತು ಹೇಳ್ಬಾರ್ದಿತ್ತೇನೋ?"

ಜವರಪ್ಪ ದನಿ ತಗ್ಗಿಸಿದ. "ಮನೆ ಸಿಗ್ತಿಲ್ಲ ಅನ್ನೋ ಮಾತ್ನ ಫೋನಲ್ಲಿ ಹೆಂಗಕ್ಕ ಬಾಯ್ಬಿಟ್ಟು ಹೇಳೋದು?"

ಅವನ ಜಾಗದಲ್ಲಿ ನಾನಿದ್ದರೂ ಹೇಳುತ್ತಿರಲಿಲ್ಲ. ಬೇಕಾದ ಫೋಲ್ಡರ್ ಕಾಣದಿದ್ದರೆ ಅದರ ಹೆಸರು ಹಾಕಿ, ಮುಂದೆ 'ಸಿಗುತ್ತಿಲ್ಲ' ಎಂದು ತೋರಿಸುವಂತೆ ಬರೆದವಳು ನಾನೇ. ಆದರೆ 'ನಮ್ಮನೆ' ಎನ್ನುವ ಹೆಸರು ಎಲ್ಲಿಂದ ಬಂತು ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಮನೆಗೆ ಬಂದೆ. ಬಂದು ಮಷೀನ್ ತೆಗೆದು ಹುಡುಕಿದೆ. ನನ್ನ ಕೆಲಸವೆಲ್ಲ, ಡೇಟಾಬೇಸು, ಸೆಟಪ್ಪು, ಇಷ್ಟು ವರ್ಷ ಮಾಡಿದ್ದೆಲ್ಲ, ಒಂದು ಫೋಲ್ಡರಿನ ಒಳಗಿತ್ತು. ಅದರ ಹೆಸರು ನಮ್ಮನೆ. ಅದನ್ನು ಮಾಡಿದವಳು ನಾನಲ್ಲ.

ಕಂಪ್ಯೂಟರ್ ಮನೆಗೆ ಬಂದ ದಿನ ನಮ್ಮ ಯಜಮಾನರು, ಸದಾನಂದ, ಮೊದಲು ನಾನು ಮುಟ್ಟುತ್ತೇನೆ ಎಂದು ಹಟ ಹಿಡಿದರು. ಟೈಪಿಂಗ್ ಕಲಿಸುವವಳ ಗಂಡ, ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಆ ಹೆಸರು ಬರೆದು, "ನೋಡೇ, ಇನ್ನು ಏನಿದ್ರೂ ಇದರೊಳಗೆ ಹಾಕು" ಎಂದು ಬೀಗಿದರು. ಹಾಕುತ್ತ ಹೋದೆ. ಅವರು ಹೋದ ಮೇಲೂ ಹಾಕುತ್ತಲೇ ಇದ್ದೆ. ದಿನಾ ಕಣ್ಣೆದುರಿಗಿದ್ದ ಹೆಸರು, ನೋಡುವುದನ್ನೇ ಬಿಟ್ಟಿದ್ದೆ. ನಾನು ಬರೆದದ್ದು ಅದರ ಆಸರೆಯಲ್ಲಿ ಓಡುತ್ತಿತ್ತು. ಬೇರೆಯವರ ಮಷೀನಿನಲ್ಲಿ ಆ ಫೋಲ್ಡರ್ ಎಲ್ಲಿರಬೇಕು? ಕೀಬೋರ್ಡಿನ ಮೇಲೆ ತಲೆಯಿಟ್ಟು ಚೆನ್ನಾಗಿ ಅತ್ತೆ. ಅತ್ತು ಮುಗಿದ ಮೇಲೆ ನೋಡಿದರೆ ಸ್ಕ್ರೀನಿನ ತುಂಬ ಒಂದೇ ಅಕ್ಷರ ಬಿದ್ದಿತ್ತು, ಅಳಿಸಿದೆ.

ರಿಪೇರಿ ದೊಡ್ಡದೇನಲ್ಲ. ನನ್ನ ಫೋಲ್ಡರನ್ನು ಹುಡುಕುವುದರ ಬದಲು, ಕೂರುವ ಮುಂಚೆ 'ನಮ್ಮನೆ ಯಾವುದು?' ಎಂದು ಕೇಳುವಂತೆ ಮಾಡಿದೆ. ಯಾರ ಮಷೀನೋ ಅವರ ಮನೆಯ ಹೆಸರು ಬರೆದರೆ ಸರಿ. ಖಾಲಿ ಬಿಟ್ಟರೆ 'ಖಾಲಿ ಬಿಡುವಂತಿಲ್ಲ' ಎಂದು ಕೆಂಪಗೆ ಗದರುವಂತೆಯೂ ಮಾಡಿದೆ, ನಮ್ಮ ಜನ ಏನು ಕೇಳಿದರೂ ಖಾಲಿ ಬಿಡುವವರು. ಜವರಪ್ಪನ ಹತ್ತಿರ ಕೂತಿತು. ಮುನೀರ್ ಸಾಬರ ಹತ್ತಿರ ಕೂತಿತು. ಇನ್ನು ಗಂಡ ಮನೆಗೆ ಓಡಿಬರಲು ನೆಪವಿಲ್ಲವಲ್ಲ ಎಂದು ಬೇಗಂ ಬೇಸರ ಮಾಡಿಕೊಂಡರಂತೆ. ದೇವೀರಮ್ಮ ಸಿಸ್ಟರ್‌ಗೂ ಪೆನ್‌ಡ್ರೈವ್ ಕಳಿಸಿದೆ. ಅವರಿಂದ ಫೋನ್ ಬರಲಿಲ್ಲ. ಫೋನ್ ಬರಲಿಲ್ಲವೆಂದರೆ ಕೂತಿದೆ ಎಂದರ್ಥ.

ಚಂಪಾಳಿಗೆ ಮೈ ಸರಿಯಿಲ್ಲವೆಂದು ತಿಳಿದು ಒಂದು ಬೆಳಿಗ್ಗೆ ಅವಳ ಮನೆಗೆ ಹೋದೆ. ಶಿವನಂಜ ಡ್ಯೂಟಿಗೆ ಹೋಗಿದ್ದ, ಮಾರನೆ ದಿನ ಬರುವವನು. ಸಾರನ್ನ ಉಂಡು ಇಬ್ಬರೂ ಅಡ್ಡಾದೆವು. ನನಗೆ ಎಚ್ಚರವಾದದ್ದು ಅವಳು ನನ್ನ ಕೈ ಹಿಚುಕಿದಾಗ. ಮುಖವೆಲ್ಲ ಬೆವರು. ಬಾಗಿಲು ತೆಗೆದು ನೋಡಿದೆ, ಹಿಂದೆಂದೂ ಕಾಣದ ಓಣಿ. ಎಡಗಡೆ ಬಳೆಗಾರರ ಮನೆ, ಬಲಗಡೆ ದರ್ಜಿ ಚಿನ್ನಪ್ಪನವರದ್ದು. ಎರಡೂ ಹೆಸರು ಕಳಿಸಿ ಆಸ್ಪತ್ರೆಗೆ ಫೋನ್ ಮಾಡಿದೆ.

"ಸಿಸ್ಟರ್, ಚಂಪಾಗೆ ಶುರುವಾಗಿದೆ. ಮಷೀನಲ್ಲಿ ಅವಳ ಹೆಸರು ಹಾಕಿ, ದಾರಿ ಹೇಳತ್ತೆ. ಬೇಗ ಬನ್ನಿ."

"ಅದು ಕೂತಿಲ್ಲ ಕಣವ್ವ" ಎಂದರು.

"ಕೂತಿಲ್ವಾ? ಏನ್ ಎರರ್ ಬರ್ತಿದೆ? ಇದ್ದಂಗೇ ಓದಿ ಹೇಳಿ."

"ಎರರ್ ಏನಿಲ್ಲ. ನಮ್ಮನೆ ಯಾವುದು ಅಂತ ಕೇಳ್ತದೆ. ಸುಮ್ಕೆ ಒತ್ತಿದ್ರೆ ಖಾಲಿ ಬಿಡಂಗಿಲ್ಲ ಅಂತದೆ. ಮತ್ತೆ ಅದನ್ನೇ ಕೇಳ್ತದೆ. ನಂಗೆ ಮನೆ ಇಲ್ಲ ಅಂತ ಎಷ್ಟ್ ಸಲಿ ಹೇಳ್ಲವ್ವ ಅದ್ಕೆ? ಮುಚ್ಚಿ ಮಡಗಿದೀನಿ."

ಆ ಕೆಂಪಕ್ಷರ ಬರೆದ ನನ್ನ ಕೈಗೆ ಯಾರಾದರೂ ಬರೆ ಹಾಕಬೇಕಿತ್ತು. ಊರಿನಲ್ಲಿ ಮನೆಯಿಲ್ಲದವರು ಇರುವುದು ಒಬ್ಬರು, ನಾನು ಇದನ್ನು ಮಾಡಿದ್ದೇ ಅವರ ಕೈಗೆ ಕೊಡಲು, ಅವರನ್ನೇ ಮರೆತಿದ್ದೆ. ಒಳಗಿನಿಂದ ಚಂಪಾ ಕೂಗಿದಳು. ನಾನೇ ಓಡಿ ಕರೆತರೋಣವೆಂದರೆ ಅವಳನ್ನು ಒಬ್ಬಳನ್ನೇ ಬಿಡುವ ಹಾಗಿರಲಿಲ್ಲ.

"ಸಿಸ್ಟರ್, ಅಲ್ಲಿ ನನ್ನ ಹೆಸರು ಬರೀರಿ. ವಾರಿಜಾ ಅಂತ."

"ಅದು ನಿಮ್ಮನೆ."

"ನಮ್ಮನೆ ಸಿಸ್ಟರ್."

"ಅದೇ ಕಣವ್ವ, ನಿಮ್ಮನೆ. ನನ್ ಕಾಲಿಗೆ ಅದೆಲ್ ಗೊತ್ತಾದಾತು?"

"ಅಯ್ಯೋ, ನಮ್ಮನೆ ಅಂದ್ರೆ ನಮ್ಮನೆ! ನಂದೂ ಹೌದು, ನಿಮ್ದೂ ಹೌದು. ನಡುಮನೆ ಪಕ್ಕದ ಕೋಣೆ ಖಾಲಿ ಬಿದ್ದಿದೆ, ಯಾರದೋ ಶ್ಯಾವಿಗೆ ಒರಳು ಬಿಟ್ರೆ ಅದರಲ್ಲಿ ಏನೂ ಇಲ್ಲ. ನಾಳೆಯಿಂದ ನೀವು ಅಲ್ಲೇ ಮಲಗೋದು. ನಾನೊಬ್ಳೇ ಇದ್ದೂ ಇದ್ದೂ ನನಗೂ ಸಾಕಾಗಿದೆ. ಬರೀರಿ ಸಿಸ್ಟರ್."

ನಿಜ ಹೇಳಬೇಕೆಂದರೆ, ಮಾತು ಶುರು ಮಾಡಿದ್ದು ಚಂಪಾಳ ಹೆರಿಗೆಗಾಗಿ. ಆದರೆ ಆಡುತ್ತ ಆಡುತ್ತ ಅದು ನನ್ನ ಮಾತೇ ಆಯಿತು. ಸದಾನಂದರು ಹೋದ ಮೇಲೆ ಆ ಕೋಣೆಯ ದೀಪ ಹಾಕಿದವಳಲ್ಲ ನಾನು.

"ಅವರಿಗೆ ಬೇಗ ಒತ್ತಕ್ಕೆ ಹೇಳೇ ಅಕ್ಕಾ!" ಎಂದು ಚಂಪಾ ಚಾಪೆಯಿಂದ ಕಿರುಚಿದಳು.

ಕೀಲಿಗಳ ಸದ್ದು ಕೇಳಿಸಿತು. ಒಂದೊಂದೇ ಅಕ್ಷರ, ಒಂದೇ ಬೆರಳಿನಲ್ಲಿ. ಆ ಸದ್ದನ್ನು ನಾನು ಬಲ್ಲೆ. ಆಮೇಲೆ ಸಿಸ್ಟರ್ ನಿಧಾನವಾಗಿ ಓದಿದರು, "ಹಸಿರಾಯ್ತು. ನಮ್ಮನೆ ಸಿಕ್ಕಿತು ಅಂತದೆ."

ಚಂಪಾಳ ಮನೆಯ ದಾರಿ ಬರೆದುಕೊಂಡು ಹೊರಡುತ್ತೇನೆಂದು ಅವರು ಫೋನಿಟ್ಟ ಮೇಲೆ ನನಗೆ ನಿಜವಾದ ಹೆದರಿಕೆ ಹಿಡಿಯಿತು. ಮಷೀನಿಗೇನು, ಏನು ಬರೆದರೂ ನಂಬುತ್ತದೆ. ಅದು ತೋರಿಸುವ ದಾರಿ ಶುರುವಾಗುವುದು ನಮ್ಮನೆಯ ಬಾಗಿಲಿನಿಂದ. ಆ ಬಾಗಿಲ ತನಕ ಅವರನ್ನು ತರಬೇಕಾದದ್ದು ಕಾಲು. ಕಾಲಿಗೆ ಯಾರು ಹೇಳಬೇಕು? ನೀರು ಕಾಯಿಸಿದೆ. ಹಳೆಯ ಸೀರೆ ಹರಿದಿಟ್ಟೆ. ಚಂಪಾ ನನ್ನ ಸೊಂಟ ತಬ್ಬಿಕೊಂಡು, "ಈ ಸಲಾನೂ ಬರ್ದೇ ಇದ್ರೆ?" ಎಂದಳು. ಬರ್ತಾರೆ ಎಂದೆ. ದೇವರೇ, ಅವರ ಕಾಲು ತಿರುಗಿಸಪ್ಪ ಎಂದು ಗಟ್ಟಿಯಾಗಿಯೇ ಬೇಡಿಕೊಂಡೆ.

ಓಣಿಯಲ್ಲಿ ಚಪ್ಪಲಿಯ ಸದ್ದಾಯಿತು. ಯಾರ ಬಾಗಿಲನ್ನೂ ತಟ್ಟಲಿಲ್ಲ, ಎಲ್ಲೂ ನಿಂತು ಕೇಳಲಿಲ್ಲ. ನೆಟ್ಟಗೆ ಬಂದು ಚಂಪಾಳ ಹೊಸ್ತಿಲ ಮುಂದೆ ನಿಂತಿತು. "ಬಿಸಿನೀರು ಇಟ್ಟಿದ್ದೀಯೇನವ್ವ?" ಎನ್ನುತ್ತ ದೇವೀರಮ್ಮ ಸಿಸ್ಟರ್ ಸೆರಗು ಸಿಕ್ಕಿಸಿಕೊಂಡು ಒಳಗೆ ನುಗ್ಗಿದರು. ನನ್ನನ್ನು ಪಕ್ಕಕ್ಕೆ ತಳ್ಳಿದರು. ನನಗೆ ಅವರ ಕಾಲು ಮುಟ್ಟಿ ನಮಸ್ಕಾರ ಮಾಡೋಣ ಅನಿಸಿತು, ಪುರಸೊತ್ತಿರಲಿಲ್ಲ.

ಹೊತ್ತು ಮುಳುಗುವ ಮುಂಚೆ ಹೆಣ್ಣುಮಗು ಹುಟ್ಟಿತು. ಸಿಸ್ಟರ್ ಬೆನ್ನು ಸವರಿದರು, ಮತ್ತೊಮ್ಮೆ ಸವರಿದರು. ಮಗು ಓಣಿಗೆಲ್ಲ ಕೇಳುವಂತೆ ಅತ್ತಿತು. ಅದರ ಹಿಂದೆಯೇ ಚಂಪಾ ಅತ್ತಳು, ನಾನೂ ಅತ್ತೆ. ಬಳೆಗಾರರ ಮನೆಯವರು ಗೋಡೆಯಾಚೆಯಿಂದ, "ಏನ್ ಮಗು?" ಎಂದು ಕೂಗಿ ಕೇಳಿದರು. ಸಿಸ್ಟರ್ ಮಾತ್ರ ಅಳಲಿಲ್ಲ. ಮಗುವನ್ನು ಒರೆಸಿ, ಸುತ್ತಿ, ಅದರ ಹಣೆಗೆ ತಮ್ಮ ಗಲ್ಲ ತಾಗಿಸಿಕೊಂಡು ಬಹಳ ಹೊತ್ತು ಹಾಗೇ ಕೂತಿದ್ದರು.

ಕಾಫಿ ಕೊಡುತ್ತ ಮೆಲ್ಲಗೆ ಕೇಳಿದೆ. "ನಮ್ಮನೆ ಹೆಂಗ್ ಸಿಕ್ತು ಸಿಸ್ಟರ್?"

"ದಿಬ್ಬ ಇಳಿದು ಬೀದೀಲಿ ನಿಂತ್ಕಂಡೆ. ಯಾವ ಕಡೇನೂ ತಿಳೀಲಿಲ್ಲ. ಖಾಲಿ ಕೋಣೆ ಅಂದಿದ್ಯಲ್ಲ, ಅದನ್ನ ನೆನೆಸ್ಕಂಡೆ. ಒರಳು ಎಲ್ ಮಡಗೋದು, ಮಂಚ ಯಾವ ಗೋಡೆಗೆ ಹಾಕೋದು ಅಂತ." ಲೋಟ ಕೆಳಗಿಟ್ಟು ತಮ್ಮ ಧೂಳು ಹಿಡಿದ ಪಾದಗಳನ್ನು ನೋಡಿಕೊಂಡರು. "ಕಾಲು ಎಡಕ್ಕೆ ತಿರುಗ್ತು ಕಣವ್ವ."

ಮಾರನೆ ದಿನ ಶಿವನಂಜ ಬಂದ. ಮಗಳ ಮುಖ ನೋಡಿ ಟಿಕೆಟ್ ಚೀಲವನ್ನು ಹೆಗಲಿನಿಂದ ಇಳಿಸುವುದನ್ನೇ ಮರೆತ. ಮಧ್ಯಾಹ್ನ ಎಲ್ಲರೂ ಉಂಡು ಮಲಗಿ ಎದ್ದೆವು, ಬಾಗಿಲಾಚೆ ಇನ್ನೊಂದೇ ಬೀದಿ. ನಾನೂ ಸಿಸ್ಟರೂ ಹೊರಟೆವು. ಅಷ್ಟು ಹೊತ್ತಿಗೆ ನಮ್ಮನೆಯೂ ಎಲ್ಲಿಗೋ ಸರಿದಿರುತ್ತದೆ. ನನ್ನ ಕಾಲಿಗೆ ಗೊತ್ತಿತ್ತು. ಆದರೂ ಮಂಡಿನೋವಿನ ನೆಪ ಹೇಳಿ ಬೇಕೆಂದೇ ಹಿಂದೆ ಉಳಿದೆ.

ದೇವೀರಮ್ಮ ಕಂಕುಳಲ್ಲಿ ಚೀಲ ಇರುಕಿಕೊಂಡು ಮುಂದೆ ಮುಂದೆ ನಡೆದರು. ಮೊದಲ ತಿರುವಿನಲ್ಲಿ ಒಂದಿಷ್ಟು ತಡೆದರು. ಆಮೇಲೆ ತಡೆಯಲಿಲ್ಲ. ಹಿಟ್ಟಿನ ಗಿರಣಿ ದಾಟಿದರು, ಸೇದೋಬಾವಿಯ ಹತ್ತಿರ ಬಲಕ್ಕೆ ಹೊರಳಿದರು, ನಾನು ಹೊರಳುವ ಮುಂಚೆಯೇ. ನಮ್ಮ ನೀಲಿ ಬಾಗಿಲು ಇಬ್ಬರ ಕಣ್ಣಿಗೂ ಒಟ್ಟಿಗೆ ಬಿತ್ತು. ಅವರು ಮೆಟ್ಟಿಲು ಹತ್ತಿ ಚಪ್ಪಲಿ ಬಿಟ್ಟು, ನನ್ನ ಕಡೆ ತಿರುಗದೆಯೇ ಕೈಯನ್ನು ಹಿಂದಕ್ಕೆ ಚಾಚಿದರು.

"ಬೀಗದ ಕೈ ಕೊಡವ್ವ" ಎಂದರು.